ಹನ್ನೆರಡನೆಯ ಅಧ್ಯಾಯದ ಕೊಲೆಗಾರ

ಸಾಣೆ ಹಿಡಿಯುವವನ ಪೀಪಿ ಮೊದಲು ಕೇಳುವುದು ರೈಲುಹಳಿಯ ಆಚೆಯಿಂದ. ತಗ್ಗಿನ ಸ್ವರದಿಂದ ಒಂದೇ ಉಸಿರಿಗೆ ಮೇಲೇರಿ, ಅಲ್ಲಿ ನಿಲ್ಲದೆ, ಬಂದ ದಾರಿಯಲ್ಲೇ ಜಾರಿ ಇಳಿಯುತ್ತದೆ. ಅವನು ಸೈಕಲ್ಲು ತಳ್ಳಿಕೊಂಡು ಬೀದಿಗೆ ಬರುವಷ್ಟರಲ್ಲಿ ಹೆಂಗಸರು ಕತ್ತರಿ, ಚಾಕು ಹಿಡಿದು ಬಾಗಿಲಲ್ಲಿ ನಿಂತಿರುತ್ತಾರೆ. ನೆರೈದಾ ನಿಲ್ಲುವುದಿಲ್ಲ. ಬೆಳಗಿನ ಆ ಹೊತ್ತು ಅವಳದು. ಕಾರ್ಖಾನೆಯ ಕೂಗು ಏಳಕ್ಕೆ. ಅದಕ್ಕೆ ಮುಂಚಿನ ಮುಕ್ಕಾಲು ಗಂಟೆ ಅವಳು ಅಡುಗೆಮನೆಯ ಮೇಜಿನಲ್ಲಿ, ಕಾಫಿಯ ಪುಟ್ಟ ಬಟ್ಟಲನ್ನು ಪಕ್ಕಕ್ಕೆ ಸರಿಸಿ, ಒಂದು ಕೊಲೆಯನ್ನು ಬರೆಯುತ್ತಿರುತ್ತಾಳೆ.

ನಾಲ್ಕು ವರ್ಷದಿಂದ ಅದೇ ಕೊಲೆ. ಸತ್ತವನು ಔಷಧಿ ಅಂಗಡಿಯ ದೋನ್ ಅನ್ಸೆಲ್ಮೊ. ಅಂಗಡಿಯ ಹಿಂದಿನ ಕೋಣೆಯಲ್ಲಿ, ಎದೆಯಲ್ಲಿ ಹೊಸದಾಗಿ ಸಾಣೆ ಹಿಡಿದ ಚಾಕು. ಕತೆ ಶುರುವಾಗುವುದೂ ಆ ಪೀಪಿಯಿಂದಲೇ. ಕಾಗದವೆಂದರೆ ಚುಟ್ಟದ ಪೆಟ್ಟಿಗೆಗೆ ಅಂಟಿಸಬೇಕಾಗಿದ್ದ, ಬಣ್ಣ ಚೆಲ್ಲಿ ಅಚ್ಚಾಗಿ ಕೆಲಸಕ್ಕೆ ಬಾರದೆ ಹೋದ ಚೀಟಿಗಳ ಹಿಂಬದಿ. ಒಂದು ಚೀಟಿಗೆ ಆರು ಸಾಲು. ಹೀಗೆ ಹನ್ನೆರಡು ಅಧ್ಯಾಯ, ಎರಡು ಶೂ ಪೆಟ್ಟಿಗೆ ತುಂಬ.

ಅವಳು ಶಾಲೆ ಬಿಟ್ಟದ್ದು ನಾಲ್ಕನೆಯ ತರಗತಿಗೆ. ಕತೆ ಕಲಿತದ್ದು ಕಮಾಹುವಾನಿಯ ಚುಟ್ಟದ ಕಾರ್ಖಾನೆಯಲ್ಲಿ, ಕಿವಿಯಿಂದ. ಅಲ್ಲಿ ನೂರಿಪ್ಪತ್ತು ಮಂದಿ ಸಾಲು ಮೇಜುಗಳಲ್ಲಿ ಕೂತು ಹೊಗೆಸೊಪ್ಪು ಸುತ್ತುತ್ತಾರೆ. ಕೈಗೆ ಕೆಲಸವಿದೆ, ಕಿವಿಗಿಲ್ಲ. ಅದಕ್ಕೆಂದೇ ಎತ್ತರದ ಪೀಠದ ಮೇಲೆ ಒಬ್ಬರು ಕೂತು ಓದುತ್ತಾರೆ. ಬೆಳಿಗ್ಗೆ ಪತ್ರಿಕೆ, ಮಧ್ಯಾಹ್ನ ಕಾದಂಬರಿ. ಓದು ಹಿಡಿಸಿದರೆ, ಎಲೆ ಕತ್ತರಿಸುವ ಬ್ಲೇಡಿನ ಚಪ್ಪಟೆ ಮೈಯಿಂದ ಎಲ್ಲರೂ ಮುಂದಿನ ಹಲಗೆಯನ್ನು ಕುಟ್ಟುತ್ತಾರೆ. ಹಿಡಿಸದಿದ್ದರೆ ಬ್ಲೇಡನ್ನು ನೆಲಕ್ಕೆ ಬೀಳಿಸುತ್ತಾರೆ. ಮೂವತ್ತೊಂದು ವರ್ಷ ಆ ಹಜಾರದಲ್ಲಿ ಕೂತ ನೆರೈದಾಳಿಗೆ ಕಣ್ಣು ಮುಚ್ಚಿಕೊಂಡರೂ ಕುಟ್ಟಿನ ಅರ್ಥ ತಿಳಿಯುತ್ತದೆ. ಮರ್ಯಾದೆಗೆ ಕುಟ್ಟುವುದು ಬೇರೆ. ಕೈ ತಡೆಯಲಾರದೆ ಕುಟ್ಟುವುದು ಬೇರೆ.

ಅದರಲ್ಲಿ ಇಪ್ಪತ್ತೈದು ವರ್ಷ ಓದಿದವರು ಬೆಲಾರ್ಮಿನೊ ಮೇಷ್ಟ್ರು. ಹಜಾರಕ್ಕೆ ಬೇಕಾಗಿದ್ದದ್ದು ಕೊಲೆಯ ಕತೆಗಳೇ. ಓದು ನಿಂತ ಕೂಡಲೇ ಮೇಜಿನಿಂದ ಮೇಜಿಗೆ ಜಗಳ ಹತ್ತಿಕೊಳ್ಳುತ್ತಿತ್ತು: ಕೊಂದವರು ಯಾರು? ಬುಧವಾರದ ಹೊತ್ತಿಗೆ ಎಲ್ಲರೂ ಒಂದೇ ಹೆಸರಿಗೆ ಬಂದು ನಿಲ್ಲುತ್ತಿದ್ದರು. ಶನಿವಾರ ಮೇಷ್ಟ್ರು ಕೊನೆಯ ಪುಟ ತೆರೆದು, ಕನ್ನಡಕ ಒರೆಸಿ, ಯಾರೂ ಎಣಿಸದ ಬೇರೊಂದು ಹೆಸರನ್ನು ಮೆಲ್ಲಗೆ ಓದುತ್ತಿದ್ದರು. ಆಮೇಲೆ ನೂರಿಪ್ಪತ್ತು ಬ್ಲೇಡು. ಆ ಸದ್ದಿಗೆ ಕಿಟಕಿಯ ಪಾರಿವಾಳಗಳು ಹಾರಿ ಹೋಗುತ್ತಿದ್ದವು.

ಒಮ್ಮೆಯಾದರೂ ಆ ಸದ್ದು ತಾನು ಬರೆದದ್ದಕ್ಕೆ ಏಳಬೇಕು. ನೆರೈದಾ ಬೇರೇನೂ ಬೇಡಿರಲಿಲ್ಲ. ಗಂಡ ಸಾಂತಾ ಕ್ಲಾರಾದಲ್ಲಿ ಇನ್ನೊಂದು ಸಂಸಾರ ಹೂಡಿದಾಗಲೂ ಅವನು ಮರಳಲೆಂದು ಅವಳು ಇಷ್ಟು ಆಸೆಯಿಂದ ಕಾದಿರಲಿಲ್ಲ.

ಈಗ ಓದುವವಳು ಮಾಯೆಲಿನ್ ಎಂಬ ಹುಡುಗಿ, ಮೇಷ್ಟ್ರ ಗಂಟಲಿಗೆ ಆಪರೇಷನ್ ಆದ ಮೇಲೆ ಬಂದವಳು. ಕಾದಂಬರಿಯನ್ನು ಟೈಪು ಮಾಡಿ ಪ್ರಾಂತ್ಯದ ಸ್ಪರ್ಧೆಗೆ ಕಳಿಸಿದವಳೂ ಅವಳೇ. ಏಪ್ರಿಲ್‌ನಲ್ಲಿ ಕಟ್ಟು ಹಿಂತಿರುಗಿ ಬಂತು, ಮೇಲೊಂದು ಕಾಗದ. ಊಟದ ಬಿಡುವಿನಲ್ಲಿ ಮಾಯೆಲಿನ್ ಅದನ್ನು ಅಂಗಳದ ಮಾವಿನ ಮರದ ಕೆಳಗೆ ಓದಿದಳು. ನೆರೈದಾಳ ಕಣ್ಣಿನಲ್ಲಿ ಪೊರೆ ಬೆಳೆಯುತ್ತಿತ್ತು. ಸಣ್ಣ ಅಕ್ಷರ ಅವಳಿಗೆ ಭೂತಗನ್ನಡಿಯಿಲ್ಲದೆ ಕಾಣುತ್ತಿರಲಿಲ್ಲ.

“ಜನ ಚೆನ್ನಾಗಿ ಮಾತಾಡ್ತಾರೆ ಅಂತ ಬರೆದಿದಾರೆ ನೆರೈದಕ್ಕ.”

“ಆಮೇಲೆ?”

“ಹನ್ನೊಂದು ಅಧ್ಯಾಯದವರೆಗೆ ಎಲ್ಲ ಸುಳಿವೂ ಸತ್ತವನ ಬಾಮೈದನ ಕಡೆಗೇ ಬೊಟ್ಟು ಮಾಡತ್ತಂತೆ. ಹನ್ನೆರಡಕ್ಕೆ ಬಂದ್ರೆ ಕೊಲೆಗಾರ್ತಿ ಅಂಚೆ ಹಂಚೋ ಹೆಂಗಸು. ಅದಕ್ಕೆ ಕತೆಯಲ್ಲಿ ಎಲ್ಲೂ ಆಧಾರ ಇಲ್ಲವಂತೆ.”

“ಆಧಾರ ಇದ್ರೆ ಎಲ್ರಿಗೂ ಗೊತ್ತಾಗ್ಬಿಡತ್ತಲ್ಲ ಮಾರಾಯ್ತಿ. ಯಾರೂ ಎಣಿಸದೋರೇ ಆಗ್ಬೇಕಲ್ವಾ?”

ಮಾಯೆಲಿನ್ ಕಾಗದದ ಕೊನೆಯ ಸಾಲನ್ನು ಓದದೆ ಮಡಿಸಲು ನೋಡಿದಳು. ನೆರೈದಾ ಬಿಡಲಿಲ್ಲ. ಲೇಖಕಿ ಈ ಬಗೆಯ ಪುಸ್ತಕಗಳನ್ನು ಓದಿಕೊಂಡಿಲ್ಲವೆಂದು ತೋರುತ್ತದೆ ಎಂದಿತ್ತು.

ಅದು ಅವಳಿಗೆ ಚುಚ್ಚಿತು. ಇನ್ನೂರಕ್ಕೂ ಹೆಚ್ಚು ಕೊಲೆಗಳು ಅವಳ ನೆನಪಿನಲ್ಲಿದ್ದವು. ಯಾರು, ಎಲ್ಲಿ, ಯಾವುದರಿಂದ ಎಂದು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಬಲ್ಲಳು.

“ಬಿಡಿ ಅಕ್ಕ ಅವರನ್ನ,” ಎಂದಳು ಮಾಯೆಲಿನ್. “ಮೇ ಕೊನೆಗೆ ನಿಮ್ಮ ನಿವೃತ್ತಿ ತಾನೇ? ಆ ವಾರ ನಾನು ಹಜಾರದಲ್ಲಿ ಇದನ್ನೇ ಓದ್ತೀನಿ. ದಿನಕ್ಕೆ ಎರಡು ಅಧ್ಯಾಯ.”

ಕೈಯೆತ್ತಿಸಿದಾಗ ಹಜಾರ ಒಪ್ಪಿತು. ಬೇಡವೆಂದವರು ಒಂಬತ್ತೇ ಮಂದಿ.

ಆ ಸಾಲು ಮಾತ್ರ ಮುಳ್ಳಿನ ಹಾಗೆ ಉಳಿಯಿತು. ತಾನು ಎಷ್ಟು ಬಲ್ಲೆನೆಂದು ಸ್ಪರ್ಧೆಯವರಿಗೆ ಒಂದು ಕಾಗದ ಬರೆಯೋಣವೆಂದುಕೊಂಡಳು. ಅದಕ್ಕೊಂದು ಉದಾಹರಣೆ ಬೇಕಲ್ಲ ಎಂದು ಊರ ಲೈಬ್ರರಿಗೆ ಹೋಗಿ, ಅರವತ್ತೊಂಬತ್ತನೆಯ ಇಸವಿಯಲ್ಲಿ ಮೇಷ್ಟ್ರು ಓದಿದ್ದ ಒಂದು ಕಾದಂಬರಿ ತಂದಳು. ಅದರಲ್ಲಿ ಡಾಕ್ಟರ ಹೆಂಡತಿಯೇ ಕೊಲೆಗಾರ್ತಿ. ಅವತ್ತು ಹಜಾರ ಎಷ್ಟು ಹೊತ್ತು ಕುಟ್ಟಿತ್ತೆಂಬುದು ಇನ್ನೂ ಕಿವಿಯಲ್ಲಿತ್ತು. ಭೂತಗನ್ನಡಿ ಹಿಡಿದು ಓದಲು ಅವಳಿಗೆ ಇಪ್ಪತ್ತು ದಿನ ಹಿಡಿಯಿತು. ಇಪ್ಪತ್ತನೆಯ ದಿನ ಬೆಳಿಗ್ಗೆ ಕೊನೆಯ ಪುಟಕ್ಕೆ ಬಂದಾಗ, ಕೊಂದವನು ಮಹಡಿಯ ಬಾಡಿಗೆಯವನಾಗಿದ್ದ. ಡಾಕ್ಟರ ಹೆಂಡತಿ ಅಳುತ್ತ ನಿಂತಿದ್ದಳು, ಅಷ್ಟೆ.

ಅವಳು ಇನ್ನೊಂದು ಪುಸ್ತಕ ತಂದಳು. ಈ ಸಲ ಕೊನೆಯ ಅಧ್ಯಾಯವನ್ನಷ್ಟೇ ಓದಿದಳು. ಅದರಲ್ಲೂ ಕೊಂದವರ ಹೆಸರು ಮೇಷ್ಟ್ರು ಓದಿದ್ದಲ್ಲ.

ಮೇಷ್ಟ್ರ ಮನೆ ಎರಡು ಬೀದಿ ಆಚೆ. ಸಂಜೆಯಾಗಿತ್ತು. ಜಗುಲಿಯಲ್ಲಿ ತೂಗುಕುರ್ಚಿ ಹಾಕಿಕೊಂಡು ಅವರು ಅವರೆಕಾಯಿ ಬಿಡಿಸುತ್ತಿದ್ದರು. ಒಂದು ಕಾಲಕ್ಕೆ ಹಜಾರ ತುಂಬುತ್ತಿದ್ದ ದನಿ ಈಗ ಕಾಗದ ಸರಿದಷ್ಟಿತ್ತು. ಅವಳು ಕೂರಲಿಲ್ಲ.

“ಮೇಷ್ಟ್ರೇ, ಡಾಕ್ಟರ ಹೆಂಡತಿ ಕೊಲೆ ಮಾಡಿರ್ಲಿಲ್ಲ.”

“ಯಾವ ಡಾಕ್ಟರು?”

“ಬಂದರಿನ ಎದುರು ಮನೆ ಡಾಕ್ಟರು. ನೀವೇ ಓದಿದ್ದು. ಕೊಂದಿದ್ದು ಮಹಡಿಯೋನು. ಪುಸ್ತಕದಲ್ಲಿ ಹಾಗಿದೆ.”

ಕುರ್ಚಿ ತೂಗುವುದು ನಿಂತಿತು. “ಪುಸ್ತಕ ಯಾಕೆ ತೆಗೆಯೋಕ್ ಹೋದೆ ನೀನು?” ಎಂದರು ಮೇಷ್ಟ್ರು.

ಅವರು ಒಂದು ಕಾಯಿ ಬಿಡಿಸಿ, ಕಾಳನ್ನು ಬಟ್ಟಲಿಗೆ ಹಾಕದೆ ಅಂಗೈಯಲ್ಲೇ ಇಟ್ಟುಕೊಂಡರು.

“ಬುಧವಾರಕ್ಕೇ ನಿಮಗೆಲ್ಲ ಗೊತ್ತಾಗಿಬಿಡ್ತಿತ್ತು ಮಗಳೇ. ಹಿಂದಿನ ಮೇಜಿನ ಆ ಗುಮೆರ್ಸಿಂದೊ ಎದ್ದು ನಿಂತು ಹೆಸರೇ ಹೇಳ್ತಿದ್ದ. ಇನ್ನು ಮೂರು ದಿನ ನಾನು ಯಾರಿಗೆ ಓದ್ಲಿ? ಶನಿವಾರ ಅದೇ ಹೆಸರು ಓದಿದ್ರೆ ಯಾರು ಹಲಗೆ ಕುಟ್ತಾರೆ? ಅದಕ್ಕೇ ನೀವು ಯಾರ ಹೆಸರು ಎತ್ತಿಲ್ವೋ ಅವರನ್ನ ಹಿಡ್ಕೋತಿದ್ದೆ. ಕೊನೆ ಎರಡು ಪುಟ, ಅಷ್ಟೇ. ಉಳಿದಿದ್ದಕ್ಕೆ ಒಂದಕ್ಷರ ಕೈ ಹಚ್ಚಿಲ್ಲ.”

“ಎಷ್ಟು ಪುಸ್ತಕದಲ್ಲಿ?”

“ಎಲ್ಲದರಲ್ಲೂ ಅಲ್ಲ.”

“ಯಾವ್ಯಾವುದರಲ್ಲಿ ಮೇಷ್ಟ್ರೇ? ಅಷ್ಟು ಹೇಳಿ ಸಾಕು. ಅದನ್ನ ಬಿಟ್ಟು ಮಿಕ್ಕಿದ್ದರಿಂದ ಕಲೀತೀನಿ.”

ಮೇಷ್ಟ್ರು ಅಂಗೈಯ ಕಾಳುಗಳನ್ನು ಒಂದೊಂದಾಗಿ ಸರಿಸಿ ಎಣಿಸಿದರು, ನಡುವೆ ತಪ್ಪಿ ಮತ್ತೆ ಮೊದಲಿನಿಂದ ಎಣಿಸಿದರು. ಅವರು ನಿಜವಾಗಿಯೂ ನೆನಪಿಸಿಕೊಳ್ಳಲು ಹೆಣಗುತ್ತಿದ್ದಾರೆಂದು ಅವಳಿಗೆ ಕಂಡಿತು. ಅದರಿಂದಲೇ ಅವಳಿಗೆ ಹೆಚ್ಚು ಭಯವಾಯಿತು.

“ಗೊತ್ತಿಲ್ಲ ಮಗಳೇ. ಈಗ ನನಗೂ ನಾನು ಓದಿದ್ದೇ ನಿಜ ಅಂತ ಆಗ್ಬಿಟ್ಟಿದೆ.”

ಹೊರಡುವಾಗ ಹಿಂದಿನಿಂದ ಆ ಒಣ ದನಿ ಬಂತು. “ನಿನ್ನ ಕತೆ ಮಾಯೆಲಿನ್ ಹೇಳಿದ್ಲು. ಅಂಚೆಯವಳೇ ಇರ್ಲಿ ಬಿಡು. ಹಜಾರ ಕುಟ್ಟತ್ತೆ. ನಾನು ಬಲ್ಲೆ.”

“ತಪ್ಪು ಅಂತ ಗೊತ್ತಾದ ಮೇಲೆ ಹೇಗೆ ಇಟ್ಕೊಳ್ಲಿ?” ಎಂದಳು.

ಓದು ಶುರುವಾಗಲು ಎಂಟು ಬೆಳಗುಗಳಿದ್ದವು. ಅಂಚೆಯವಳನ್ನು ಉಳಿಸಿಕೊಳ್ಳಬೇಕೆಂದರೆ ಹನ್ನೊಂದು ಅಧ್ಯಾಯಗಳಿಗೂ ಅವಳ ಹೆಜ್ಜೆಗಳನ್ನು ಸೇರಿಸಬೇಕಿತ್ತು. ನೆರೈದಾ ಪ್ರಯತ್ನಪಟ್ಟಳು. ಎರಡನೆಯ ಅಧ್ಯಾಯದಲ್ಲಿ ಅವಳನ್ನು ಬಾಗಿಲಿಗೆ ತಂದರೆ ಐದನೆಯದರಲ್ಲಿ ಹೊತ್ತು ತಾಳೆಯಾಗುತ್ತಿರಲಿಲ್ಲ. ಐದನ್ನು ಸರಿಮಾಡಿದರೆ ಒಂಬತ್ತು ಕಳಚಿಕೊಳ್ಳುತ್ತಿತ್ತು. ಚುಟ್ಟ ಸುತ್ತುವಾಗ ಒಳಗಿನ ಎಲೆ ಸರಿಯಾಗಿ ಕೂರದಿದ್ದರೆ ಹೊರಗಿನ ಎಲೆಯನ್ನು ಎಷ್ಟು ನೀವಿದರೂ ಉಬ್ಬು ಹೋಗುವುದಿಲ್ಲ. ಅದು ಅವಳ ಬೆರಳುಗಳಿಗೆ ಗೊತ್ತಿತ್ತು. ಆರನೆಯ ಬೆಳಗು ಅವಳು ಕೈಬಿಟ್ಟಳು. ಉಳಿದ ಎರಡರಲ್ಲಿ ಹನ್ನೆರಡನೆಯ ಅಧ್ಯಾಯವನ್ನಷ್ಟೇ ಹೊಸದಾಗಿ ಬರೆದಳು. ಕೊಂದವನು ಬಾವಮೈದುನ. ಅದು ಸರಿಯಾಗಿತ್ತು. ಮೊದಲಿನಿಂದಲೂ ಅವನೇ ಕೊಂದಿದ್ದ, ಅವಳು ನೋಡಿರಲಿಲ್ಲ.

ಸೋಮವಾರ ಮಾಯೆಲಿನ್ ಪೀಪಿಯ ಸಾಲಿನಿಂದ ಶುರುಮಾಡಿದಳು. ಹಿಂದಿನ ಮೇಜಿನ ಗುಮೆರ್ಸಿಂದೊ ಬಾಯಲ್ಲೇ ಪೀಪಿ ಊದಿದ. ಹಜಾರ ನಕ್ಕಿತು. ನಕ್ಕು ಕಿವಿಗೊಟ್ಟಿತು. ಅವತ್ತು ಓದು ಮುಗಿದಾಗ ಬ್ಲೇಡುಗಳು ಸದ್ದು ಮಾಡಿದವು. ಎಲ್ಲವೂ ಅಲ್ಲ, ಅರ್ಧಕ್ಕೆ ಅರ್ಧ. ನೆರೈದಾ ತಲೆ ತಗ್ಗಿಸಿ ಎಲೆ ನೀವುತ್ತಲೇ ಇದ್ದಳು. ಒಂದು ಒಳ್ಳೆಯ ಎಲೆ ಕೈಯಲ್ಲೇ ಹರಿಯಿತು.

ಮಂಗಳವಾರ ನಾಲ್ಕನೆಯ ಅಧ್ಯಾಯ. ಸಾಣೆಯವನು ಪೊಲೀಸರ ಮುಂದೆ ಚಾಕು ನೋಡಿ, ಇದನ್ನು ಅಂಗಡಿಯವರ ಬಾವಮೈದುನ ತಂದುಕೊಟ್ಟಿದ್ದ, ಮಾವಿನಹಣ್ಣು ಹೆಚ್ಚೋಕೆ ಅಂದಿದ್ದ, ಎನ್ನುತ್ತಾನೆ. ಓದು ನಿಂತಿತೋ ಇಲ್ಲವೋ, ಗುಮೆರ್ಸಿಂದೊ ಎದ್ದ.

“ಬಾಮೈದ. ಹೋಗಿ ಹಿಡ್ಕೊಂಡ್ ಬನ್ನಿ, ಇನ್ನೂ ನಾಲ್ಕು ದಿನ ಯಾಕೆ ಅವನಿಗೆ ಬಿಟ್ಟಿ ಊಟ?”

ನಗು ಮೇಜಿನಿಂದ ಮೇಜಿಗೆ ಹರಿಯಿತು.

“ಬರಹಗಾರ್ತಮ್ಮ, ಬಾಮೈದನೇ ತಾನೇ? ಕಿವಿಯಲ್ಲಿ ಹೇಳಿ, ಯಾರಿಗೂ ಹೇಳಲ್ಲ.”

“ಶನಿವಾರ ಬರತ್ತೆ, ಕಾಯಿ.”

“ಕಾಯೋಕೇನಿದೆ, ನಿಮ್ಮ ಮುಖದಲ್ಲೇ ಅಚ್ಚಾಗಿದೆ.” ಅವನು ಕೂರುತ್ತ ಪಕ್ಕದವನಿಗೆ ಹೇಳಿದ, “ಬೆಲಾರ್ಮಿನೊ ಮೇಷ್ಟ್ರು ಓದ್ತಿದ್ದವು ನೋಡು, ಅವು ಕತೆ. ಕೊನೆವರೆಗೂ ಒಬ್ಬನಿಗೂ ಹೊಳೀತಿರ್ಲಿಲ್ಲ. ಬರೆಯೋರು ಅಂದ್ರೆ ಅವರು.”

ನೆರೈದಾ ಬಾಯಿ ತೆರೆದಳು. ಹೇಳಲು ಒಂದೇ ವಾಕ್ಯವಿತ್ತು. ಅದನ್ನು ಹೇಳಿದರೆ ಇಪ್ಪತ್ತೈದು ವರ್ಷದ ಶನಿವಾರಗಳು ನೂರಿಪ್ಪತ್ತು ಮಂದಿಗೂ ಸುಳ್ಳಾಗುತ್ತಿದ್ದವು. ಹೊಸ ಎಲೆ ತೆಗೆದು ಹಲಗೆಯ ಮೇಲೆ ಹರಡಿದಳು.

ಬುಧವಾರದಿಂದ ಜಗಳವೇ ಏಳಲಿಲ್ಲ. ಜಗಳವಾಡಲು ಇನ್ನೊಂದು ಹೆಸರಿರಲಿಲ್ಲ. ಓದಿನ ನಡುವೆ ಜನ ಪಿಸುಗುಟ್ಟತೊಡಗಿದರು, ಬೇಳೆ ಯಾವ ಅಂಗಡಿಗೆ ಬಂದಿದೆ, ಯಾರ ಮಗಳ ಮದುವೆಗೆ ಯಾರು ಬಟ್ಟೆ ಹೊಲಿಯುತ್ತಾರೆ. ಮಾಯೆಲಿನ್ ದನಿ ಏರಿಸಿ ಓದಿದಳು. ಅದು ಇನ್ನೂ ಕೆಟ್ಟದಾಗಿತ್ತು.

ಶನಿವಾರ ಹನ್ನೆರಡನೆಯ ಅಧ್ಯಾಯ. ಬಾವಮೈದುನ ಒಪ್ಪಿಕೊಂಡ. ಯಾಕೆ ಕೊಂದೆನೆಂದು ಹೇಳುವಲ್ಲಿ ನೆರೈದಾ ನಾಲ್ಕು ಸಾಲು ಬರೆದಿದ್ದಳು. ತಾನು ಬರೆದದ್ದರಲ್ಲೆಲ್ಲ ಅದೇ ಚೆನ್ನಾಗಿದೆಯೆಂದು ಅವಳಿಗನಿಸಿತ್ತು. ಆ ಸಾಲುಗಳು ಹಜಾರದ ಮೇಲಿನಿಂದ ಹಾದು ಕಿಟಕಿಯಾಚೆ ಹೋದವು. ಮಾಯೆಲಿನ್ ಕಾಗದ ಕೆಳಗಿಟ್ಟಳು. ಯಾರೂ ಕುಟ್ಟಲಿಲ್ಲ. ಒಂದು ಬ್ಲೇಡಾದರೂ ನೆಲಕ್ಕೆ ಬಿದ್ದಿದ್ದರೆ, ಕೇಳಿದ್ದರು ಎಂದಾದರೂ ತಿಳಿಯುತ್ತಿತ್ತು. ಎಲೆ ಸುತ್ತುವ ಮೆಲುಸದ್ದು ಮಾತ್ರ ಮುಂದುವರಿಯಿತು.

ಆಗ ಮೇಲ್ವಿಚಾರಕ ನೀಲಿ ಕೆನೆಯ ಕೇಕು ಹಿಡಿದು ಬಂದ. ಒಡನಾಡಿ ನೆರೈದಾ ಮೂವತ್ತೊಂದು ವರ್ಷದ ದುಡಿಮೆಯ ನಂತರ ಇಂದು ನಮ್ಮನ್ನು ಬಿಟ್ಟು ಹೋಗುತ್ತಿದ್ದಾರೆ ಎಂದು ಮೈಕಿನಲ್ಲಿ ಹೇಳಿದ. ನೂರಿಪ್ಪತ್ತು ಬ್ಲೇಡುಗಳು ಒಟ್ಟಿಗೆ ಹಲಗೆಗೆ ಬಡಿದವು. ಎಲ್ಲರಿಗಿಂತ ಜೋರಾಗಿ ಕುಟ್ಟಿದವನು ಗುಮೆರ್ಸಿಂದೊ. ಅವನ ಕಣ್ಣಲ್ಲಿ ನೀರಿತ್ತು. ಪಾರಿವಾಳಗಳು ಹಾರಿದವು. ನೆರೈದಾ ಎದ್ದು ನಿಂತು ಆ ಸದ್ದನ್ನು ಕೊನೆಯವರೆಗೂ ಕೇಳಿದಳು. ಅದು ಯಾವ ಸದ್ದೆಂದು ಅವಳಿಗೆ ಗೊತ್ತಿತ್ತು.

ಹೊರಗೆ ಕಿಟಕಿಯ ಕೆಳಗಿನ ಕಲ್ಲುಬೆಂಚಿನಲ್ಲಿ ಬೆಲಾರ್ಮಿನೊ ಮೇಷ್ಟ್ರು ಕೂತಿದ್ದರು. ತೊಳೆದು ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದರು.

“ಕೇಳಿಸ್ತು,” ಎಂದರು. “ಎಷ್ಟು ಹೊತ್ತು ಕುಟ್ಟಿದ್ರು.”

“ಅದು ಕೇಕಿಗೆ ಮೇಷ್ಟ್ರೇ.”

ಅವರು ಇಲ್ಲವೆನ್ನಲಿಲ್ಲ. ಅವರ ಕಿವಿಯೂ ಆ ಹಜಾರದಲ್ಲೇ ಪಳಗಿದ್ದು. “ಇನ್ನೊಂದು ಬರಿ,” ಎಂದರು.

“ಯಾರು ಕೇಳ್ತಾರೆ? ಸೋಮವಾರದಿಂದ ಹಜಾರ ನಂದಲ್ಲ. ಬರೆದಿದ್ದನ್ನ ನಾನೇ ಓದ್ಕೊಳೋಣ ಅಂದ್ರೆ ಕಣ್ಣೂ ಹೋಗ್ತಾ ಇದೆ.”

ಟೈಪಾದ ಕಟ್ಟು ಅವಳ ಕಂಕುಳಲ್ಲಿತ್ತು, ಕೈಯಲ್ಲಿ ಕಾಗದದಲ್ಲಿ ಸುತ್ತಿದ ಕೇಕಿನ ತುಂಡು. ಕೆನೆ ಆಗಲೇ ಕಾಗದಕ್ಕೆ ನೀಲಿಯಾಗಿ ಹತ್ತಿಕೊಂಡಿತ್ತು. ಮೇಷ್ಟ್ರು ಬೆಂಚಿನಲ್ಲಿ ಸರಿದು ಜಾಗ ಮಾಡಿದರು. ಅವಳು ಆ ಜಾಗವನ್ನು ನೋಡುತ್ತಲೇ ನಿಂತಿದ್ದಳು.

“ಚಾಕುವನ್ನ ಸಾಣೆಗೆ ಅವನೇ ತರಬಾರದಿತ್ತು,” ಎಂದಳು, ಅವರಿಗಲ್ಲ. “ಅಂಚೆಯವಳ ಕೈಲಿ ಕೊಟ್ಟು ಕಳಿಸಿದ್ದಿದ್ರೆ, ಅವಳು ಏನೂ ಗೊತ್ತಿಲ್ಲದೆ ಅದನ್ನ ಕಾಗದಗಳ ಚೀಲದಲ್ಲಿ ಹಾಕ್ಕೊಂಡು ಬಂದಿದ್ದಿದ್ರೆ, ಆಗ ಮಂಗಳವಾರ ಗುಮೆರ್ಸಿಂದೊ ಎದ್ದು ನಿಲ್ಲೋ ಹೊತ್ತಿಗೆ,” ಎನ್ನುತ್ತ ಅವಳು ಹಳಿಯ ಕಡೆಗೆ ನಡೆದುಬಿಟ್ಟಳು, ಮಾತು ಅಲ್ಲೇ ಅರ್ಧಕ್ಕೆ ನಿಂತಿತು.