ಮಗಳ ಪರಸಬಾಗ

ಮರಾಠಿ ಸೀಮೆಯ ನಿಲಂಗಾದ ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಒಂದು ಎತ್ತಿನಗಾಡಿ ಹೋಗುವಷ್ಟು ಜಾಗ ಖಾಲಿ ಬಿದ್ದಿತ್ತು. ನಡುವೆ ಗೋಡೆ ಇರಲಿಲ್ಲ. ಮುರಿದ ಇಟ್ಟಿಗೆ, ತುಕ್ಕು ಹಿಡಿದ ತಗಡು, ಮಳೆಗಾಲದಲ್ಲಿ ಸೊಂಟದೆತ್ತರ ಕಸ. ನಾನು ಮದುವೆಯಾಗಿ ಬಂದಾಗಿನಿಂದ ಆ ಜಾಗ ಯಾರದೆಂದು ಯಾರೂ ಕೇಳಿದ್ದಿಲ್ಲ.

ಮಗಳು ಮರಾಠಿ ಶಾಲೆಯ ಒಂದನೇ ತರಗತಿಗೆ ಹೋಗುತ್ತಿದ್ದಳು. ಶಾಲೆಯ ಹಿಂದೆ ಮಕ್ಕಳ ಕೈಯಿಂದ ಕಾಯಿಪಲ್ಯದ ಗಿಡ ಹಚ್ಚಿಸಿದ್ದರು. ಅದಕ್ಕೆ ಅವರು ಪರಸಬಾಗ ಎನ್ನುತ್ತಿದ್ದರು. ದೀಪಾವಳಿ ರಜೆ ಬಂದದ್ದೇ ತಡ, ನಮ್ಮ ಮನೆಗೂ ಒಂದು ಪರಸಬಾಗ ಬೇಕೆಂದು ಮಗಳು ಬೆನ್ನು ಹತ್ತಿದಳು. ನಾನು ಹೂಂ ಅನ್ನುವ ಮೊದಲೇ ನನ್ನ ಗಂಡ ಹೂಂ ಅಂದರು.

ನನಗೆ ಅದೇ ದೊಡ್ಡ ಆಶ್ಚರ್ಯ. ಅವರು ಕೋರ್ಟಿನಲ್ಲಿ ವಕೀಲರೊಬ್ಬರ ಕೈಕೆಳಗೆ ಗುಮಾಸ್ತರು. ಸಂಜೆ ಮನೆಗೆ ಬಂದರೆ ಮೊಬೈಲ್ ಹಿಡಿದು ಗೋಡೆಗೆ ಒರಗುವವರು. ಮಗಳು ಯಾವ ತರಗತಿ ಎಂದು ಯಾರಾದರೂ ಕೇಳಿದರೆ ನನ್ನ ಮುಖ ನೋಡುವವರು. ಅಂಥವರು ಆ ರವಿವಾರ ಬರೀ ಬನಿಯನ್‌ನಲ್ಲಿ ನಿಂತು ಇಟ್ಟಿಗೆ ತುಂಡು ಆರಿಸಿದರು, ಗುದ್ದಲಿ ಹಿಡಿದು ಕರಿಮಣ್ಣು ಅಗೆದರು. ಮಗಳು ಹೆಂಟೆಗಳನ್ನು ಕೈಯಿಂದ ಪುಡಿ ಮಾಡುತ್ತ ಹಿಂದಿಂದೆ ಬಂದಳು. ಇಬ್ಬರ ಮೊಣಕೈವರೆಗೂ ಮಣ್ಣು. ಅಡುಗೆಮನೆಯ ಕಿಟಕಿಯಿಂದ ನೋಡುತ್ತ ನಾನು ಅತ್ತೇಬಿಟ್ಟೆ. ಅಂತೂ ಈ ಮನುಷ್ಯನಿಗೆ ಮಗಳು ಕಂಡಳಲ್ಲ ಅಂದುಕೊಂಡೆ.

ಮುಂದಿನ ವಾರ ಕೆಲಸದ ಮೇಲೆ ಉದಗೀರಕ್ಕೆ ಹೋದವರು ಬದನೆ, ಟೊಮ್ಯಾಟೊ ಸಸಿಗಳನ್ನು ಒದ್ದೆ ಗೋಣಿಚೀಲದಲ್ಲಿ ಸುತ್ತಿಕೊಂಡು ಬಂದರು. ಮೆಂತ್ಯೆ, ಕೊತ್ತಂಬರಿ ನಾನೇ ಅಡುಗೆಮನೆಯ ಡಬ್ಬಿಯಿಂದ ತೆಗೆದುಕೊಟ್ಟೆ. ಹೀರೆಬೀಜ ಕೊಟ್ಟದ್ದು ಪಕ್ಕದ ಮನೆಯ ಅಕ್ಕ.

ಅಕ್ಕ ಭಾಲ್ಕಿ ಕಡೆಯಿಂದ ಇಲ್ಲಿಗೆ ಮದುವೆಯಾಗಿ ಬಂದವಳು, ನಾನು ಆಳಂದ ಕಡೆಯವಳು. ಮರಾಠಿಯೇ ತುಂಬಿದ ಆ ಗಲ್ಲಿಯಲ್ಲಿ ನನ್ನ ಜೊತೆ ಬಾಯಿತುಂಬ ಕನ್ನಡ ಮಾತಾಡುವವಳು ಆಕೆಯೊಬ್ಬಳೇ. ಮಗಳು ಆಕೆಯನ್ನು ದೊಡ್ಡವ್ವ ಎನ್ನುತ್ತಿದ್ದಳು. ಹೀರೆಬೀಜವನ್ನು ಎಷ್ಟು ಆಳಕ್ಕೆ ಇಡಬೇಕೆಂದು ಆಕೆ ಮಗಳ ಬೆರಳು ಹಿಡಿದೇ ತೋರಿಸಿದಳು. ಆಡುಗಳು ಬಂದು ಮೆಂತ್ಯೆ ತಿಂದವೆಂದು ನನ್ನ ಗಂಡ ಸುತ್ತ ತಂತಿಬೇಲಿ ಹಾಕಿದಾಗ ತಂತಿಯ ಇನ್ನೊಂದು ತುದಿ ಎಳೆದು ಹಿಡಿದವಳೂ ಆಕೆಯೇ.

ನಳದ ನೀರು ದಿನಾ ಬರುವ ಊರಲ್ಲ ನಮ್ಮದು. ಅಕ್ಕಿ ತೊಳೆದ ನೀರು, ಕಾಯಿಪಲ್ಯ ತೊಳೆದ ನೀರು ಎಲ್ಲವನ್ನೂ ಮಗಳು ಒಂದು ಬಕೆಟ್ಟಿಗೆ ಸುರುವಿಕೊಳ್ಳುತ್ತಿದ್ದಳು. ಶಾಲೆಯಿಂದ ಬಂದು ಚೀಲ ಇಳಿಸುವ ಮೊದಲೇ ಬೇಲಿಯೊಳಗೆ ಹೋಗುತ್ತಿದ್ದಳು. ಮೊದಲ ಮೆಂತ್ಯೆ ಕಿತ್ತ ದಿನ ಒಂದು ಹಿಡಿ ನಮ್ಮ ಬೇಳೆಗೆ ಬಿತ್ತು, ಒಂದು ಹಿಡಿ ದೊಡ್ಡವ್ವನ ಮನೆಗೆ ಹೋಯಿತು. ನನ್ನ ಗಂಡ ವಾರಕ್ಕೊಮ್ಮೆ ಮಗಳನ್ನು ಸಸಿಗಳ ನಡುವೆ ನಿಲ್ಲಿಸಿ ಫೋಟೊ ತೆಗೆಯುತ್ತಿದ್ದರು. ಹಿಂದೆ ಸರಿ, ಇನ್ನಷ್ಟು ಸರಿ ಎಂದು ಪಕ್ಕದ ಮನೆಯ ಗೋಡೆ ಕಾಣುವವರೆಗೂ ಸರಿಸುತ್ತಿದ್ದರು. ಆಗ ನನಗೆ ಏನೂ ಹೊಳೆಯಲಿಲ್ಲ.

ಸಂಕ್ರಮಣ ಕಳೆದ ಮೇಲೆ ಅಕ್ಕನ ಗಂಡ ಕಂಪೌಂಡ್ ಗೋಡೆ ಕಟ್ಟಿಸುತ್ತೇನೆಂದು ಬಂದು ಹೇಳಿದರು. ನಡುವಿನ ಜಾಗ ತಮ್ಮ ಖರೀದಿಯಲ್ಲೇ ಇದೆ ಅಂದರು. ನನ್ನ ಗಂಡ ಅದು ನಮ್ಮ ತಂದೆಯ ಕಾಲದಿಂದ ನಮ್ಮದೇ ಅಂದರು. ಮಾತು ಬೆಳೆದು ಗಲ್ಲಿಯ ಹಿರಿಯರನ್ನು ಕರೆಸುವುದಾಯಿತು.

ಹಿರಿಯರು ರವಿವಾರ ಮುಂಜಾನೆ ಬಂದು ನಮ್ಮ ಪಡಸಾಲೆಯಲ್ಲಿ ಕೂತರು. ಅಕ್ಕನ ಗಂಡನೂ ಬಂದಿದ್ದರು. ನಾನು ಚಹಾ ತೆಗೆದುಕೊಂಡು ಹೊರಗೆ ಬರುವಷ್ಟರಲ್ಲಿ ನನ್ನ ಗಂಡ ಮೊಬೈಲಿನಲ್ಲಿ ಮಗಳ ಫೋಟೊಗಳನ್ನು ತೋರಿಸುತ್ತಿದ್ದರು. ಎಷ್ಟೋ ವರ್ಷದಿಂದ ನಾವು ಅಲ್ಲಿ ಬೆಳೆ ತೆಗೆಯುತ್ತಿದ್ದೇವೆ, ಬೇಕಾದರೆ ಕೂಸನ್ನೇ ಕೇಳಿ ಅಂದರು. ಹಿರಿಯರಲ್ಲಿ ಕನ್ನಡ ಬಲ್ಲವರೊಬ್ಬರು ಮಗಳನ್ನು ಹತ್ತಿರ ಕರೆದು ಕೇಳಿದರು:

"ಈ ತ್ವಾಟ ಯಾರದವ್ವಾ?"

ಮಗಳು ಶಾಲೆಯಲ್ಲಿ ಪದ್ಯ ಹೇಳುವ ಹಾಗೆ ಕೈ ಹಿಂದೆ ಕಟ್ಟಿಕೊಂಡು ನಿಂತಳು.

"ನಂದು. ನಾ ಭಾಳ ಸಣ್ಣಾಕಿ ಇದ್ದಾಗಿಂದ ನಾವು ಇಲ್ಲೇ ಪಲ್ಯ ಬೆಳಿತೀವಿ."

ಹೇಳಿ ಮುಗಿಸಿ ಅಪ್ಪನ ಮುಖ ನೋಡಿದಳು. ಅವರು ಸಣ್ಣಗೆ ತಲೆ ಆಡಿಸಿದರು.

ಆ ಮಾತು ನನ್ನ ಮಗಳದಲ್ಲ. ಅವಳು ಹುಟ್ಟಿದಾಗಿನಿಂದ ಅವಳ ಒಂದೊಂದು ಮಾತೂ ನನ್ನ ಕಿವಿಯಲ್ಲಿದೆ. ಅಗೆದದ್ದು, ಸಸಿ ತಂದದ್ದು, ಬೇಲಿ ಕಟ್ಟಿದ್ದು, ಫೋಟೊ ತೆಗೆದದ್ದು, ಎಲ್ಲ ಒಮ್ಮೆಗೇ ತಿಳಿದುಹೋಯಿತು. ಚಹಾದ ತಟ್ಟೆಯನ್ನು ಹಿರಿಯರ ಮುಂದೆ ಕೆಳಗಿಟ್ಟೆ.

"ಇಲ್ರೀ," ಅಂದೆ. "ಹ್ವಾದ ದೀಪಾವಳಿಗಿ ಹಚ್ಚೀವಿ. ಅದಕ್ಕೂ ಮದಲ ಇಲ್ಲಿ ಬರೇ ಇಟ್ಟಂಗಿ ಬಿದ್ದಿದ್ವು."

ಮಗಳನ್ನು ಕೇಳಿದ್ದ ಹಿರಿಯರು, ಸರ್ಕಾರಿ ಮೋಜಣಿಯವರನ್ನು ಕರೆಸಿ ಅಳೆಸಿಬಿಡಿ, ಅದೇ ಸರಿ ಎಂದು ಎದ್ದರು.

ಅವರು ಹೋದ ಮೇಲೆ ನನ್ನ ಗಂಡ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಕೂಸಿನ ಬಾಯಲ್ಲಿ ಸುಳ್ಳು ತುಂಬಿದಿರಲ್ಲ ಎಂದು ಕೇಳಿದೆ. ಅವರಿಗೆ ಸಿಟ್ಟೂ ಬರಲಿಲ್ಲ, ನಾಚಿಕೆಯೂ ಆಗಲಿಲ್ಲ.

"ಕಬ್ಜಾ ಅಂದ್ರ ಹಿಂಗೇ ಇರ್ತದ. ಮಳಿಗಾಲದಾಗೇ ನಾ ಇದರ ವಿಚಾರ ಮಾಡಿದ್ದೆ. ನೀ ಸುಮ್ನ ಇದ್ದಿದ್ರ ಜಾಗ ಮನಿದಾಗ್ತಿತ್ತು."

ಮಳೆಗಾಲದಲ್ಲಿ ಮಗಳ ಬಾಯಿಗೆ ಪರಸಬಾಗ ಎಂಬ ಮಾತೇ ಬಂದಿರಲಿಲ್ಲ. ಅವಳು ಕೇಳಿದ್ದು ಅವರಿಗೆ ಅನುಕೂಲಕ್ಕೆ ಬಂತು, ಅಷ್ಟೇ. ಕಿಟಕಿಯಲ್ಲಿ ನಿಂತು ನಾನು ಅತ್ತದ್ದು ನೆನಪಾಗಿ ಮೈಯೆಲ್ಲ ಉರಿಯಿತು.

ಮೋಜಣಿಯವರು ಅಳೆದು ಕಲ್ಲು ನೆಟ್ಟರು. ಜಾಗ ಅಕ್ಕನವರದೇ. ನನಗೆ ಅದರ ದುಃಖ ಇರಲಿಲ್ಲ. ಟೊಮ್ಯಾಟೊ ಕೆಂಪಾಗುವ ಹೊತ್ತು, ಹೀರೆಬಳ್ಳಿ ಆಗಷ್ಟೇ ಹೂ ಬಿಟ್ಟಿತ್ತು. ಅಷ್ಟು ಮುಗಿಯುವವರೆಗೆ ಗೋಡೆ ನಿಲ್ಲಿಸಲು ಹೇಳು ಎಂದು ಅಕ್ಕನನ್ನು ಕೇಳಲು ಹೋದೆ. ಹೊಸ್ತಿಲಲ್ಲೇ ನಿಲ್ಲಿಸಿ ಮಾತಾಡಿದಳು.

"ನೀ ಖರೇ ಹೇಳ್ದಿ, ನಾ ಮರೆಯಂಗಿಲ್ಲ. ಆದ್ರ ಆ ತಂತಿ ನನ್ನ ಕೈಲೇ ಹಿಡಿಸಿದ್ರಲ್ಲ ತಂಗಿ ನೀವು."

ನನಗೆ ಗೊತ್ತಿರಲಿಲ್ಲ ಅಕ್ಕಾ ಅಂದೆ. ನಂಬಿದಳೋ ಇಲ್ಲವೋ ತಿಳಿಯಲಿಲ್ಲ. ಕಾಯಿ ಕಿತ್ತುಕೊಳ್ಳುವವರೆಗೆ ಗೋಡೆಗೆ ಕೈ ಹಚ್ಚಿಸುವುದಿಲ್ಲ, ಕೂಸಿನ ಆಣೆ ಅಂದಳು. ನಾನು ಆ ಮಾತನ್ನೇ ಮಗಳಿಗೂ ಹೇಳಿದೆ.

ಅದೇ ವಾರ, ಮಗಳು ಶಾಲೆಯಲ್ಲಿದ್ದಾಗ, ಗೋಡೆ ಕಟ್ಟುವ ಗೌಂಡಿಗಳು ಬಂದರು. ಬುನಾದಿಯ ಗುಂಡಿ ಬದನೆ ಸಾಲಿನ ಮೇಲೇ ಬಿತ್ತು. ಹಸಿ ಟೊಮ್ಯಾಟೊಗಳು ಮಣ್ಣಿನ ಗುಡ್ಡೆಯೊಳಗೆ ಸೇರಿದವು. ಅಕ್ಕನ ಬಾಗಿಲು ಬಡಿದೆ. ಒಳಗಿನಿಂದ ಟಿವಿ ಸದ್ದು ಕೇಳುತ್ತಿತ್ತು, ಬಾಗಿಲು ತೆರೆಯಲಿಲ್ಲ.

ಮಗಳು ಶಾಲೆಯಿಂದ ಬಂದು ಗುಂಡಿಯ ಅಂಚಿಗೆ ನಿಂತಳು. ಅಳಲಿಲ್ಲ. ಸಂಜೆ ಅಪ್ಪ ಬಂದಾಗ ಅವರನ್ನೇ ಕೇಳಿದಳು. ನಿಮ್ಮವ್ವ ಹಿರಿಯರ ಮುಂದೆ ಹಾಗೆ ಅಂದಳಲ್ಲ, ಅದಕ್ಕೇ ಹೋಯಿತು ಎಂದು ಅವರು ಹೇಳಿದ್ದು ನನಗೆ ಒಳಗೆ ಕೇಳಿಸಿತು. ಸ್ವಲ್ಪ ಹೊತ್ತಿಗೆ ಮಗಳು ನನ್ನ ಬಳಿ ಬಂದಳು.

"ನೀ ಯಾಕ ಹಂಗ ಅಂದಿ?"

ಅದೇ ಖರೇ ಇತ್ತಲ್ಲವ್ವಾ ಅಂದೆ.

"ನಾ ಸಣ್ಣಾಕಿ ಇದ್ದಾಗಿಂದ ಅಂತ ಅಂದ್ರ ಪರಸಬಾಗ ಯಾವಾಗ್ಲೂ ನಂದೇ ಇರ್ತದಂತ ಅಪ್ಪಾ ಹೇಳಿದ್ದ."

ಅವಳ ತಲೆಯ ಮೇಲೆ ಕೈಯಿಟ್ಟೆ. ಅವಳು ಸರಿದು ಹೋದಳು.

ಈಗ ಆ ಗೋಡೆಗೆ ಸಿಮೆಂಟಿನ ಗಿಲಾವು ಆಗಿ ಬಣ್ಣವೂ ಬಿದ್ದಿದೆ. ಅಕ್ಕ ಬೀದಿಯಲ್ಲಿ ಸಿಕ್ಕರೆ ಊಟ ಆಯ್ತಾ ಎಂದು ಕೇಳುತ್ತಾಳೆ, ಆಯ್ತು ಎನ್ನುತ್ತೇನೆ. ನನ್ನ ಗಂಡ ಬಣ್ಣದ ಖಾಲಿ ಡಬ್ಬಿಗಳನ್ನು ತಂದು ಮಾಳಿಗೆಯ ಮೇಲಿಟ್ಟು ಮಣ್ಣು ತುಂಬಿ ಕೊಟ್ಟಿದ್ದಾರೆ. ಮಗಳು ಅದರಲ್ಲಿ ಕೊತ್ತಂಬರಿ ಹಾಕಿದ್ದಾಳೆ. ಸಂಜೆ ಅಪ್ಪ ಮಗಳು ಇಬ್ಬರೂ ಮೇಲೆ ನೀರು ಹಾಕುತ್ತಾರೆ, ನಗುತ್ತಾರೆ. ಈಗ ಆ ನಗು ಯಾತಕ್ಕೆಂದು ನನಗೆ ತಿಳಿಯುವುದಿಲ್ಲ. ಬಹುಶಃ ಬರೀ ನಗುವೇ ಇರಬಹುದು.

ಮೊನ್ನೆ, ಮೊಳಕೆ ಬಂದಿದೆ ಬಂದು ನೋಡು ಎಂದು ಮಗಳು ಮೇಲಿನಿಂದ ಕೂಗಿದಳು. ಹಿಂದೆಯೇ ಅವರೂ ಕೂಗಿದರು. ಬರ್ತೀನಿ ಅಂದೆ. ಒಲೆಯ ಮೇಲಿನ ರೊಟ್ಟಿ ತಿರುವಿ ಹಾಕಿ, ಇನ್ನೊಂದಕ್ಕೆ ಹಿಟ್ಟು ನಾದಿಕೊಂಡೆ.