ಮಿಣುಕರಿಗೆ ಉಸಿರಿಲ್ಲ

ಹೆಸ್ಟರ್ ರಡ್ಜ್ ಮೂವತ್ತೊಂದು ವರ್ಷ ಮಾಡಿದ ಕೆಲಸವನ್ನು ಎರಡೇ ಪದಗಳಲ್ಲಿ ಹೇಳಬಹುದು: ಉಸಿರು ಕತ್ತರಿಸುವುದು. ಹೀಗೆಂದರೆ ಬ್ರಿಸ್ಟಲ್‌ನ ಅವಳ ಬೀದಿಯವರೇ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ರೇಡಿಯೋ ನಾಟಕಕ್ಕೆ ನಟರು ಮಾತಾಡಿ ಹೋದ ಮೇಲೆ, ಮಾತಿನ ನಡುವೆ ಅವರು ಎಳೆದುಕೊಂಡ ಉಸಿರು, ತುಟಿಯ ಚಪ್ಪರಿಕೆ, ಹೊಟ್ಟೆಯ ಗುರುಗುರು ಎಲ್ಲವನ್ನೂ ಹೆಕ್ಕಿ ತೆಗೆಯಬೇಕು. ಮೊದಲು ಟೇಪನ್ನು ಬ್ಲೇಡಿನಿಂದ ಕೊಯ್ಯುತ್ತಿದ್ದಳು, ಆಮೇಲೆ ಕಂಪ್ಯೂಟರ್ ಬಂತು. ಬ್ಲೇಡಿನ ಗೀರುಗಳು ಮಾತ್ರ ಎಡಗೈ ಹೆಬ್ಬೆರಳಿನ ಮೇಲೆ ಉಳಿದವು.

ಅವಳ ಹೊಟ್ಟೆ ಹೊರೆದದ್ದು ಒಂದೇ ಧಾರಾವಾಹಿ. ಅದರಲ್ಲಿ ತಾಯಿ ಮಗಳು ಇಬ್ಬರೂ ಕಾಲದಲ್ಲಿ ಹಿಂದಕ್ಕೂ ಮುಂದಕ್ಕೂ ಓಡಾಡುತ್ತಾರೆ. ಹೋದಲ್ಲೆಲ್ಲ ಮಿಣುಕರು ಎದುರಾಗುತ್ತಾರೆ. ಮಿಣುಕರಿಗೆ ಮೈಯಿಲ್ಲ, ಬರೀ ಶಕ್ತಿ. ಒಳ್ಳೆಯವರೋ ಕೆಟ್ಟವರೋ ಎಂಬುದು ಬರೆದವರಿಗೇ ಕೊನೆತನಕ ಗೊತ್ತಾಗಲಿಲ್ಲ. ಮೊದಲ ಕಂತಿನಲ್ಲಿ ಒಬ್ಬ ಮಿಣುಕ “ನಮಗೆ ಶ್ವಾಸಕೋಶವೆಂಬುದೇ ಇಲ್ಲ” ಎಂದು ಗಂಭೀರವಾಗಿ ಹೇಳಿ, ಮರುಕ್ಷಣವೇ ಭುಸ್ಸೆಂದು ಉಸಿರೆಳೆದ. ಕೇಳುಗರಿಂದ ಎಪ್ಪತ್ತು ಕಾಗದ ಬಂದವು. ಈ ಊರಿನ ಜನ ಮನೆಗೆ ನೀರು ನುಗ್ಗಿದರೂ ತುಟಿಪಿಟಕ್ಕೆನ್ನುವುದಿಲ್ಲ, ಇಂಥದ್ದಕ್ಕೆ ಮಾತ್ರ ಸ್ಟಾಂಪು ಹಚ್ಚಿ ಕೂರುತ್ತಾರೆ. ಅಂದಿನಿಂದ ಕಟ್ಟಪ್ಪಣೆಯಾಯಿತು: ಮಿಣುಕರಿಗೆ ಉಸಿರಿಲ್ಲ. ಅದನ್ನು ಕಾಯಲು ಹೆಸ್ಟರಳನ್ನು ಕರೆದರು.

ಭುಸ್ಸೆಂದವನು ಡೆಸ್ಮಂಡ್. ವಾರವೆಲ್ಲ ಬಸ್ಸು ಓಡಿಸುತ್ತಿದ್ದ, ರಜೆಯ ದಿನ ಮಿಣುಕನಾಗುತ್ತಿದ್ದ. ದನಿ ಬಾವಿಯಂತೆ ಆಳ. ಆದರೆ ಸಿಗರೇಟಿನ ದಾಸ. ಎಳೆದ ಉಸಿರು ಕೆಟಲಿನ ಹಾಗೆ ಕುದಿದು, ಬಿಡುವಾಗ ಕೊನೆಗೊಂದು ಸಿಳ್ಳು ಹಾಕುತ್ತಿತ್ತು. ಒಂದು ಪುಟಕ್ಕೆ ನಲವತ್ತು ಕಡೆ ಕತ್ತರಿಸಿ ಹೆಸ್ಟರಳ ಕೈ ಸೋಲುತ್ತಿತ್ತು.

“ನನ್ನ ಉಸಿರೆಲ್ಲ ನಿನ್ನ ಕಸದ ಬುಟ್ಟೀಲೇ ಇದೆ ಕಣೇ ಹೆಸ್. ನಿನ್ನನ್ನ ಮದುವೆ ಆಗದೆ ಇನ್ನೇನು ಗತಿ?” ಎಂದು ಅವನು ಒಂದು ದಿನ ಕೇಳಿದ.

“ಬುಟ್ಟೀನ ದಿನಾ ಖಾಲಿ ಮಾಡ್ತೀನಿ, ತಿಳ್ಕೊ,” ಎಂದಳು. ಆದರೂ ಆದಳು.

ಮಕ್ಕಳಾಗಲಿಲ್ಲ. ಭಾನುವಾರ ಹುರಿದ ಮಾಂಸ, ಬುಧವಾರ ಮೀನು, ನಡುನಡುವೆ ಜಗಳ. ಹೀಗೆ ವರ್ಷಗಳು ಹೋದವು. ಈ ಫೆಬ್ರವರಿಯಲ್ಲಿ ಡೆಸ್ಮಂಡನ ಎದೆ ಕೈಕೊಟ್ಟಿತು. ಆಸ್ಪತ್ರೆಗೆ ಸೇರಿ ನಾಲ್ಕನೆಯ ದಿನ ತೀರಿಕೊಂಡ.

ಹೆಸ್ಟರ್ ಅಳಲಿಲ್ಲ. ಶವಸಂಸ್ಕಾರ ಮುಗಿದ ಮೇಲೆ ನಿಂತೇ ಎರಡು ಸ್ಯಾಂಡ್‌ವಿಚ್ ತಿಂದಳು, ಉಪ್ಪು ಜಾಸ್ತಿ ಅನ್ನಿಸಿತು. ಎಷ್ಟು ಗಟ್ಟಿ ಹೆಂಗಸು ಎಂದು ಎಲ್ಲರೂ ಹೊಗಳಿದರು. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ. ಹಲ್ಲು ಕೀಳಿಸಿಕೊಂಡ ಮೇಲೆ ಕೆನ್ನೆ ಜೋಮು ಹಿಡಿದಿರುತ್ತದಲ್ಲ, ಅವಳ ಇಡೀ ಮೈ ಹಾಗಿತ್ತು. ಆ ಜೋಮು ಇಳಿಯುವುದೇ ಇಲ್ಲವೇನೋ ಎಂಬುದೊಂದೇ ಅವಳ ಹೆದರಿಕೆ.

ಒಂದು ಬೆಳಿಗ್ಗೆ ಮನೆಯ ಫೋನಿನಲ್ಲಿ ಅವನ ಹಳೆಯ ಸಂದೇಶ ಸಿಕ್ಕಿತು. “ಹೆಸ್, ಬಸ್ಸು ಕೆಟ್ಟು ನಿಂತಿದೆ, ಊಟ ಮಾಡಿಬಿಡು.” ಅಷ್ಟೇ. ಅಳಿಸಿಹೋದೀತೆಂದು ಅದನ್ನು ಕಂಪ್ಯೂಟರಿಗೆ ಇಳಿಸಿಕೊಂಡಳು. ಮೂವತ್ತೊಂದು ವರ್ಷದ ಕೈ ನೋಡಿ, ತನ್ನ ಪಾಡಿಗೆ ತಾನು ಕೆಲಸ ಮಾಡಿತು. ‘ಹೆಸ್’ ಎಂದ ಮೇಲಿನ ಏದುಸಿರು ಹೋಯಿತು, ಕೆಮ್ಮು ಹೋಯಿತು, ಕೊನೆಯ ಸಿಳ್ಳೂ ಹೋಯಿತು. ಅದನ್ನೇ ಉಳಿಸಿಕೊಂಡು, ಇನ್ನೇಕೆಂದು ಫೋನಿನದನ್ನೂ ಅಳಿಸಿ, ಹಾಕಿ ಕೇಳಿದರೆ ಮಾತಾಡುತ್ತಿದ್ದವನು ಮಿಣುಕ. ಊಟ ಮಾಡಿಬಿಡು ಎಂದು ಮೈಯಿಲ್ಲದವನೊಬ್ಬ ಹೇಳುತ್ತಿದ್ದ.

ಅವನ ಉಸಿರನ್ನು ಬೇರೆ ಕಡೆ ಹುಡುಕೋಣವೆಂದರೆ ಇರಬೇಕಲ್ಲ. ಕ್ಯಾಮೆರಾ ಕಂಡರೆ ಬೆನ್ನು ತಿರುಗಿಸುತ್ತಿದ್ದವನು ಅವನು. ಇನ್ನು ಹಳೆಯ ಕಂತುಗಳು. ಭುಸ್ಸೆಂದ ಮೊದಲ ಕಂತಿನ ಟೇಪನ್ನು ರೇಡಿಯೋದವರು ಎಂದೋ ಅಳಿಸಿದ್ದರು, ಮಿಕ್ಕವುಗಳಿಂದ ಒಂದೊಂದು ಉಸಿರನ್ನೂ ತೆಗೆದು ಎಸೆದವಳು ಇವಳೇ. ಫೋನಿನ ಸಂದೇಶ ಕೆಡಿಸಿದ್ದನ್ನು ಅವಳು ಯಾರಿಗೂ ಹೇಳಲಿಲ್ಲ.

ಏಪ್ರಿಲ್‌ನಲ್ಲಿ ನಿರ್ದೇಶಕ ಕ್ರಿಸ್ಪಿನ್ ಫೋನು ಮಾಡಿದ. ಬಾಯಿ ಜೋರು, ಮನಸ್ಸು ಮೆತ್ತಗೆ. “ಹೆಸ್ಟರ್, ಜನವರಿಯಲ್ಲಿ ರೆಕಾರ್ಡ್ ಮಾಡ್ಕೊಂಡ ಕೊನೇ ಕಂತು ಹಾಗೇ ಬಿದ್ದಿದೆ. ನಿಮಗೆ ಕಷ್ಟ ಆದ್ರೆ ಬೇರೆಯವರಿಗೆ ಕೊಡ್ತೀನಿ.”

“ಯಾರೂ ಮುಟ್ಟಿಲ್ವಾ ಅದನ್ನ? ಹೇಗಿತ್ತೋ ಹಾಗೇ ಇದ್ಯಾ?”

“ಹಾಗೇ ಇದೆ.”

“ನಾನೇ ಮಾಡ್ತೀನಿ ಕಣಪ್ಪ.”

ಕತ್ತರಿಸದ ಡೆಸ್ಮಂಡ್! ಹಿಂದಿನ ಕೋಣೆಯಲ್ಲಿ ಕೂತು, ಕಿವಿಗೆ ಹೆಡ್‌ಫೋನ್ ಹಾಕಿ ಮೊದಲ ಸಾಲು ಕೇಳಿದಳು. ಮಾತು ಮುಗಿಯಿತು, ಉಸಿರಿಲ್ಲ. ಎರಡನೆಯ ಸಾಲು, ಉಸಿರಿಲ್ಲ. ದೂರದಲ್ಲಿ ಬಟ್ಟೆಯ ಸರಸರ, ಅಷ್ಟೇ. ಮೂವತ್ತು ಸಾಲು ಕೇಳಿ ಕ್ರಿಸ್ಪಿನ್‌ಗೆ ಫೋನು ಮಾಡಿದಳು.

“ಇದನ್ನ ಯಾರು ಕತ್ತರಿಸಿದ್ದು? ಸುಳ್ಳು ಹೇಳ್ಬೇಡ.”

“ಯಾರೂ ಇಲ್ಲ, ದೇವರಾಣೆ. ಅವರೇ. ಒಂದೊಂದು ಸಾಲಾದ ಮೇಲೂ ಮೈಕಿಗೆ ಬೆನ್ನು ಹಾಕಿ, ಮಫ್ಲರ್ ಬಾಯಿಗೆ ಒತ್ಕೊಂಡು ಉಸಿರು ತಗೋತಿದ್ರು. ಯಾಕೆ ಸಾರ್ ಇಷ್ಟು ಒದ್ದಾಟ ಅಂದೆ. ‘ಈ ಸಲ ಎದೆ ಬಹಳ ಸದ್ದು ಮಾಡ್ತಿದೆ, ಹೆಸ್‌ಗೆ ಕೆಲಸ ಜಾಸ್ತಿ ಆಗುತ್ತೆ’ ಅಂದ್ರು.”

ಹೆಸ್ಟರ್ ಫೋನು ಇಟ್ಟಳು. ಆ ಮುದುಕನ ಮೇಲೆ ಸಿಟ್ಟು ಬರಬೇಕಿತ್ತು, ಅದೂ ಬರಲಿಲ್ಲ. ಕೆಲಸ ಮುಂದುವರಿಸಿದಳು.

ಮಫ್ಲರಿನ ಸರಸರವನ್ನೆಲ್ಲ ತೆಗೆದಳು. ತೆಗೆದ ಜಾಗವನ್ನು ಖಾಲಿ ಬಿಡುವಂತಿಲ್ಲ, ಕಿವಿ ಮುಗ್ಗರಿಸುತ್ತದೆ. ಅದಕ್ಕೆಂದೇ ಪ್ರತಿ ಸಲ ಕೊನೆಯಲ್ಲಿ ನಟರನ್ನೆಲ್ಲ ಅಲ್ಲಾಡದಂತೆ ನಿಲ್ಲಿಸಿ, ಅರ್ಧ ನಿಮಿಷ ಕೋಣೆಯ ಮೌನವನ್ನು ರೆಕಾರ್ಡ್ ಮಾಡಿಕೊಳ್ಳುವುದು ಪದ್ಧತಿ. ಆ ಮೌನದ ತುಂಡುಗಳಿಂದ ತೇಪೆ ಹಾಕಬೇಕು. ಹೆಸ್ಟರ್ ಯಾವಾಗಲೂ ನಡುವಿನ ಹತ್ತು ಸೆಕೆಂಡು ತೆಗೆದುಕೊಂಡು ಎರಡೂ ತುದಿ ಎಸೆಯುತ್ತಿದ್ದಳು. ತುದಿಗಳಲ್ಲಿ ಏನಿದೆಯೆಂದು ಒಮ್ಮೆಯೂ ಕೇಳಿದವಳಲ್ಲ.

ಈ ಸಲ ನಡುವೆ ನಿಲ್ಲಿಸಲು ಮನಸ್ಸಾಗಲಿಲ್ಲ, ಕೊನೆತನಕ ಓಡಲು ಬಿಟ್ಟಳು. ಆ ಮೌನದಲ್ಲಿ ಎಲ್ಲೋ ಅವನು ನಿಂತಿದ್ದಾನೆ, ಎಲ್ಲರಂತೆ ಉಸಿರು ಬಿಗಿಹಿಡಿದು. ಪದ್ಧತಿಯಂತೆ ಅವಳೂ ಬಿಗಿಹಿಡಿದಳು. ಇಪ್ಪತ್ತು ಸೆಕೆಂಡು. ಇಪ್ಪತ್ತೈದು. ಮೂವತ್ತು.

“ಸಾಕು, ಥ್ಯಾಂಕ್ಸ್” ಎಂದಿತು ಕ್ರಿಸ್ಪಿನ್‌ನ ದನಿ.

ಆಗ ಬಂತು. ಕುದಿದು ಕುದಿದು ಹೊರಬಿದ್ದ ಉದ್ದನೆಯ ಉಸಿರು, ಕೊನೆಗೆ ಆ ಸಿಳ್ಳು, ಹಿಂದೆಯೇ ಕೆಮ್ಮು. “ಯಾರಾದ್ರೂ ಟೀಗೆ ನೀರಿಡ್ರಪ್ಪಾ,” ಎಂದ ಡೆಸ್ಮಂಡ್.

ಅಷ್ಟರಲ್ಲಿ ಹೆಸ್ಟರಳ ಬಲಗೈ ತಾನಾಗಿಯೇ ಆ ಉಸಿರಿನ ಎರಡೂ ಪಕ್ಕ ಗುರುತು ಹಾಕಿಯಾಗಿತ್ತು. ಬೆರಳು ಅಳಿಸುವ ಕೀಲಿಯ ಮೇಲೆ ಕೂತಿತ್ತು. ಅವಳು ಬೆಚ್ಚಿ ಕೈ ಎಳೆದುಕೊಂಡಳು. ಆ ಕೈಯನ್ನು ನಂಬಲಾರದೆ, ಎರಡೂ ಕೈಗಳನ್ನು ತೊಡೆಯಡಿ ಇಟ್ಟು ಅದುಮಿ ಕೂತಳು. ಹಿಡಿದ ಉಸಿರು ಇನ್ನೂ ಎದೆಯಲ್ಲೇ ಇತ್ತು. ಅದನ್ನು ಬಿಟ್ಟಳು. ಉಸಿರಿನ ಜೊತೆ ಅಳು ಬಂತು, ಸದ್ದು ಮಾಡಿಕೊಂಡು, ಮುಖವೆಲ್ಲ ಒದ್ದೆಯಾಗುವ ಹಾಗೆ. ಕೈ ಮಾತ್ರ ತೊಡೆಯಡಿಯಿಂದ ತೆಗೆಯಲಿಲ್ಲ.