ಹಾಡು ತೆಗೆದ ಡಿಸ್ಕ್

ಡಿವಿಡಿ ಮಾಡುವ ಕೆಲಸ ನನ್ನ ಪಾಲಿಗೆ ಬಂದದ್ದು ಸಣ್ಣ ಮಾಮ ತೀರಿಕೊಂಡ ಐದನೆಯ ದಿನ, ಮಂಗಳವಾರ. ಆ ಹೊತ್ತಿಗೆ ಮಾಮ ಇಲ್ಲವೆನ್ನುವುದು ಮೆಲ್ಕಾರಿನ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಅಜ್ಜಿಯೊಬ್ಬರನ್ನು ಬಿಟ್ಟು.

ಮಾಮ ಸೌದಿಯಲ್ಲಿದ್ದವರು. ಶುಕ್ರವಾರ ಬೆಳಿಗ್ಗೆ ಕೋಣೆಯಲ್ಲಿ ಕುಸಿದು ಬಿದ್ದರು, ಆಸ್ಪತ್ರೆ ತಲುಪುವಾಗ ಮುಗಿದಿತ್ತು. ಅಜ್ಜಿಯ ಹೃದಯಕ್ಕೆ ಸ್ಟೆಂಟ್ ಹಾಕಿಸಿ ಆಗ ಎರಡು ವಾರವಷ್ಟೇ. ಮುಂದಿನ ವಾರದ ಗುರುವಾರ ಮತ್ತೊಮ್ಮೆ ನೋಡುತ್ತೇನೆ, ಅಲ್ಲಿಯವರೆಗೆ ದೊಡ್ಡ ಆಘಾತ ಏನೂ ಆಗದ ಹಾಗೆ ನೋಡಿಕೊಳ್ಳಿ ಎಂದು ಡಾಕ್ಟರು ಹೇಳಿದ್ದರು. ಮಯ್ಯಿತ್ತನ್ನು ಊರಿಗೆ ತರಿಸುವುದೋ ಅಲ್ಲೇ ದಫನ ಮಾಡುವುದೋ ಎನ್ನುವುದನ್ನು ಹೆತ್ತ ತಾಯಿಯನ್ನು ಕೇಳದೆ ನಿರ್ಧರಿಸಲು ದೊಡ್ಡ ಮಾಮ ಒಪ್ಪಲಿಲ್ಲ. ಕೇಳಬೇಕೆಂದರೆ ಮೊದಲು ಹೇಳಬೇಕು. ಹೇಳಬೇಕೆಂದರೆ ಗುರುವಾರ ಕಳೆಯಬೇಕು. ಅಲ್ಲಿಯವರೆಗೆ ಸಣ್ಣ ಮಾಮ ಅಲ್ಲಿನ ಆಸ್ಪತ್ರೆಯ ಶವಾಗಾರದಲ್ಲಿ.

ಮನೆಯಲ್ಲಿ ಎಲ್ಲರೂ ಅಜ್ಜಿಯನ್ನು ಉಮ್ಮ, ಅಂದರೆ ಅಮ್ಮ, ಎಂದೇ ಕರೆಯುವುದು, ನಾನೂ ಹಾಗೆಯೇ. ಬರೆಯುವಾಗ ಅಜ್ಜಿ ಎನ್ನುತ್ತೇನೆ. ನಾವು ಮಾತಾಡುವುದು ಬ್ಯಾರಿಯಲ್ಲಿ, ಇಲ್ಲಿರುವುದು ಅದರ ಕನ್ನಡ, ಮಗಳಿಗೆ ಮೋಳೇ, ಮಗನಿಗೆ ಮೋನೇ ಎನ್ನುವುದನ್ನು ಮಾತ್ರ ಹಾಗೆಯೇ ಬಿಟ್ಟಿದ್ದೇನೆ.

ಅಜ್ಜಿಗೆ ಫೋನಿನ ಚಿತ್ರ ಹಿಡಿಸುವುದಿಲ್ಲ. “ಮನುಷ್ಯರನ್ನು ಬೆಂಕಿಪೆಟ್ಟಿಗೆಯಲ್ಲಿ ಹಾಕಿ ತೋರಿಸ್ತೀರಿ” ಎನ್ನುತ್ತಾರೆ. ಅವರ ಕೋಣೆಯಲ್ಲಿ ಹಳೆಯ ಡಬ್ಬ ಟಿವಿ ಉಂಟು, ಅದರ ಕೆಳಗೆ ಸಣ್ಣ ಮಾಮ ಒಂದು ರಜೆಯಲ್ಲಿ ತಂದ ಡಿವಿಡಿ ಪ್ಲೇಯರ್. ಅದರ ರಿಮೋಟನ್ನು ಮಾತ್ರ ಅಜ್ಜಿ ಕಣ್ಣು ಮುಚ್ಚಿ ಒತ್ತಬಲ್ಲರು. ಮಾಮನ ಎಲ್ಲ ಸಿನೆಮಾಗಳನ್ನೂ ಒಂದೇ ಡಿಸ್ಕಿನಲ್ಲಿ ಹಾಕಿಕೊಡು ಎಂದು ಹೋದ ವರ್ಷದಿಂದ ನನ್ನನ್ನು ಕೇಳುತ್ತಿದ್ದರು. ಸಿನೆಮಾ ಅಂದರೆ ಮನೆಯ ವಿಡಿಯೋಗಳು.

“ಅದನ್ನೀಗ ಮಾಡಿಕೊಡು,” ಎಂದರು ದೊಡ್ಡ ಮಾಮ. “ಮುಂದಿನ ವಾರ ಗುರುವಾರದವರೆಗೆ ಅದನ್ನು ನೋಡ್ತಾ ಇರಲಿ. ಫೋನ್ ಯಾಕೆ ಬರ್ಲಿಲ್ಲ ಅಂತ ಕೇಳುವುದು ಕಮ್ಮಿ ಆಗ್ತದೆ.”

ನಾನು ದಿನವೂ ಡೈರಿ ಬರೆಯುತ್ತೇನೆ, ಎಲ್ಲದಕ್ಕೂ ಗೀಟು ಹಾಕಿ ಲೆಕ್ಕ ಇಡುವ ಅಭ್ಯಾಸ ಶಾಲೆಯಿಂದಲೇ ಉಂಟು. ಆ ಮಂಗಳವಾರ ಅಜ್ಜಿ ಸಣ್ಣ ಮಾಮನ ಬಗ್ಗೆ ಕೇಳಿದ್ದು ಒಂಬತ್ತು ಸಲ. ಕೆಲಸದ ಸೈಟು ಮರುಭೂಮಿಯ ಒಳಗೆ, ನೆಟ್‌ವರ್ಕ್ ಇಲ್ಲ ಎಂದು ನಾವು ಹೇಳುತ್ತಿದ್ದೆವು. ಸೊಸೆ ಯಾಕೆ ಬರಲಿಲ್ಲ ಎಂದೂ ಕೇಳುತ್ತಿದ್ದರು. ಸಣ್ಣ ಮಾಮಿ ಬೆಳ್ತಂಗಡಿಯ ತವರಿನಲ್ಲಿ ಇದ್ದತ್ ಕುಳಿತಿದ್ದರು. ಗಂಡ ಸತ್ತ ಮೇಲೆ ನಾಲ್ಕು ತಿಂಗಳು ಹತ್ತು ದಿನ ಹೆಂಗಸು ಹೊರಗೆ ಬರುವ ಹಾಗಿಲ್ಲ. ನಾವು “ಮಗುವಿಗೆ ಜ್ವರ” ಎಂದೆವು.

ಬುಧವಾರ ಮಿಜಾರಿನ ಕಾಲೇಜಿನಲ್ಲಿ ಕ್ಲಾಸು ಮುಗಿಸಿ ಮೂಡುಬಿದಿರೆಗೆ ಹೋದೆ. ಮಾಮನ ಮದುವೆ ತೆಗೆದ ಸ್ಟುಡಿಯೋ ಅಲ್ಲಿತ್ತು. ನಮ್ಮಲ್ಲಿದ್ದ ಡಿಸ್ಕ್ ಗೀರು ಬಿದ್ದು ಮಧ್ಯದಲ್ಲಿ ನಿಲ್ಲುತ್ತಿತ್ತು, ಅವರ ಹಳೆಯ ಹಾರ್ಡ್ ಡಿಸ್ಕಿನಲ್ಲಿ ಮೂಲ ಸಿಕ್ಕಿತು.

“ಈ ಕಾಲದಲ್ಲಿ ಡಿವಿಡಿಯಾ ಮಾರಾಯ್ತಿ?” ಸ್ಟುಡಿಯೋದವರು ನಕ್ಕರು. “ಖಾಲಿ ಡಿಸ್ಕ್ ನನ್ನಲ್ಲೇ ಉಂಟು ಸ್ವಲ್ಪ. ಲೋಟ ಇಡ್ಲಿಕ್ಕೆ ಆಗ್ತದೆ ಅಂತ ಇಟ್ಟುಕೊಂಡದ್ದು.”

ಕಾಪಿ ಆಗುವಾಗ ಅವರ ಪರದೆಯಲ್ಲಿ ಮಾಮ ಮಲ್ಲಿಗೆ ಮಾಲೆ ಹಾಕಿಕೊಂಡು ಕೂತಿದ್ದರು. ಸ್ಟುಡಿಯೋದವರು ಬೆರಳು ತೋರಿಸಿ, “ಈ ಮದುಮಗನ ನೆನಪುಂಟು. ಕ್ಯಾಮೆರಾ ನೋಡಿ ಅಂದ್ರೆ ಊಟದ ಹಾಲ್ ನೋಡುವ ಜನ. ಈಗ ಎಲ್ಲಿದ್ದಾರೆ?” ಎಂದರು.

“ಸೌದಿಯಲ್ಲಿ,” ಎಂದೆ. ಅದು ಸುಳ್ಳಾಗಿರಲಿಲ್ಲ.

ಒಟ್ಟು ನಾಲ್ಕು ವಿಡಿಯೋಗಳು: ಮದುವೆ, ಹೊಸ ಮನೆಯ ಒಕ್ಕಲು, ಮಗುವಿಗೆ ಹೆಸರಿಟ್ಟದ್ದು, ಮತ್ತು ಹೋದ ರಂಜಾನಿನಲ್ಲಿ ಮಾಮ ಸೌದಿಯ ತಮ್ಮ ಕೋಣೆಯಲ್ಲಿ ಮೀನು ಸಾರು ಮಾಡುತ್ತಾ ತಾವೇ ತೆಗೆದು ಕಳಿಸಿದ್ದು. ಡಿಸ್ಕಿನಲ್ಲಿ ಚೆನ್ನಾಗಿ ಹಿಡಿಸುವುದು ಎರಡು ಗಂಟೆಯ ಚಿತ್ರ. ಅದಕ್ಕಿಂತ ಹೆಚ್ಚು ತುಂಬಿಸಿದರೆ ಮುಖಗಳು ಚೌಕ ಚೌಕವಾಗಿ ಒಡೆಯುತ್ತವೆ. ಮದುವೆಯ ಊಟದ ಸಾಲುಗಳನ್ನೆಲ್ಲ ಕತ್ತರಿಸಿ ಹಾಕಿದೆ. ಫೋನನ್ನು ನೆಟ್ಟಗೆ ಹಿಡಿದು ತೆಗೆದ ಕೊನೆಯದಕ್ಕೆ ಎರಡು ಬದಿ ಕಪ್ಪು ಪಟ್ಟಿ ಕೊಟ್ಟೆ. ಎಲ್ಲವನ್ನೂ ಹಳೆಯ ಟಿವಿಗೆ ಒಗ್ಗುವ ಅಳತೆಗೆ ಬದಲಿಸಲು ಲ್ಯಾಪ್‌ಟಾಪ್ ಮರುದಿನ ಪೂರ್ತಿ ಬಿಸಿಯಾಗಿ ಕೂತಿತ್ತು.

ಮೆನುವಿಗೆ ಅಕ್ಷರ ಬೇಡ ಎಂದು ಮೊದಲೇ ತೀರ್ಮಾನಿಸಿದ್ದೆ. ನಾಲ್ಕು ಚೌಕ, ನಾಲ್ಕು ಚಿತ್ರ. ಬಾಣದ ಗುಂಡಿ ಒತ್ತಿದರೆ ಹಳದಿ ಅಂಚು ಒಂದರಿಂದ ಇನ್ನೊಂದಕ್ಕೆ ಹೋಗಬೇಕು, ನಡುವಿನ ಗುಂಡಿ ಒತ್ತಿದರೆ ಓಡಬೇಕು, ಮುಗಿದ ಮೇಲೆ ತಾನೇ ಮೆನುವಿಗೆ ಮರಳಬೇಕು. ಚೌಕದಲ್ಲಿ ಯಾವ ಚಿತ್ರ ಎಂದು ನಾವು ಹೇಳದಿದ್ದರೆ ಸಾಫ್ಟ್‌ವೇರ್ ತಾನಾಗಿ ವಿಡಿಯೋದ ಮೊದಲ ಚಿತ್ರವನ್ನು ತೆಗೆದುಕೊಳ್ಳುತ್ತದೆ. ನಾಲ್ಕನೆಯ ಚೌಕಕ್ಕೆ ಅದು ಒಂದು ಖಾಲಿ ಕೋಣೆಯನ್ನು ತಂದು ಕೂರಿಸಿತು. ಒಲೆ, ಪಾತ್ರೆ, ಗೋಡೆಯ ಮೊಳೆಯಲ್ಲಿ ಅಂಗಿ. ಮಾಮ ಫೋನನ್ನು ಕಿಟಕಿಗೆ ಒರಗಿಸಿ, ಸುತ್ತು ಬಂದು ಒಲೆಯ ಮುಂದೆ ನಿಲ್ಲುವುದಕ್ಕೆ ಮೊದಲಿನ ಚಿತ್ರ ಅದು. ಮೂರು ಚೌಕದಲ್ಲಿ ಅವರು ನಗುತ್ತಿದ್ದರು, ನಾಲ್ಕನೆಯದರಲ್ಲಿ ಇರಲಿಲ್ಲ. ಕೂಡಲೇ ಬದಲಾಯಿಸಿ ಅವರ ಮುಖ ಇಟ್ಟೆ. ಆದರೂ ಪ್ರತಿ ಸಲ ಫೈಲು ತೆರೆಯುವಾಗ ಮೊದಲು ಆ ಖಾಲಿ ಕೋಣೆ ಮೂಡಿ, ಆಮೇಲೆ ಮುಖ ಬರುತ್ತಿತ್ತು.

ಶುಕ್ರವಾರ ಜುಮಾ ನಮಾಜಿನ ಹೊತ್ತು ಅಜ್ಜಿ ಎಂದಿನಂತೆ ಶಾಲು ಸರಿಮಾಡಿಕೊಂಡು ಫೋನಿಗೆ ಕಾದರು. ಪ್ರತಿ ವಾರ ಅದೇ ಹೊತ್ತಿಗೆ ಮಾಮನ ಕರೆ ಬರುತ್ತಿತ್ತು. ಅಮ್ಮ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಒಂದು ಗಂಟೆ ಕೂತು ಅಜ್ಜಿ ಎದ್ದರು, ಏನೂ ಕೇಳಲಿಲ್ಲ. ಆ ದಿನ ನನ್ನ ಡೈರಿಯಲ್ಲಿ ಒಂದೇ ಒಂದು ಗೀಟೂ ಬೀಳಲಿಲ್ಲ. ಒಂಬತ್ತು ಸಲ ಕೇಳಿದ ದಿನಕ್ಕಿಂತ ಅದು ನನಗೆ ಹೆಚ್ಚು ಹೆದರಿಕೆ ತಂದಿತು.

ಶನಿವಾರ ದೊಡ್ಡ ಮಾಮ ಬಂದು ನನ್ನ ಪಕ್ಕ ಕೂತು ನೋಡಿದರು. ಮದುವೆಯ ಮೆರವಣಿಗೆಗೆ ಸ್ಟುಡಿಯೋದವರು ದಫ್ ಬಡಿತದ ಹಾಡು ಕೂಡಿಸಿದ್ದರು. ಅದು ಶುರುವಾದದ್ದೇ ತಡ ದೊಡ್ಡ ಮಾಮ ಕೈ ಚಾಚಿ ಲ್ಯಾಪ್‌ಟಾಪಿನ ಶಬ್ದ ಇಳಿಸಿದರು.

“ಇದೆಂತ ಮೋಳೇ? ಹಾಡೆಲ್ಲ ತೆಗಿ.”

“ಮದುವೆ ಅಲ್ವಾ ಮಾಮ, ಹಾಡು ಇಲ್ಲದೆ ಹೇಗೆ?”

“ಮಯ್ಯಿತ್ ಇನ್ನೂ ಮಣ್ಣಿಗೆ ಹೋಗ್ಲಿಲ್ಲ. ಸಾವಿನ ಮನೆಯಲ್ಲಿ ದಫ್ ಬಡಿಸ್ತೀಯಾ? ನೆರೆಮನೆಯವರಿಗೆಲ್ಲ ಗೊತ್ತುಂಟು. ಕೇಳಿಸಿದ್ರೆ ಎಂತ ಹೇಳ್ತಾರೆ?”

ನಮ್ಮಲ್ಲಿ ಸಾವಾದರೆ ಟಿವಿಗೆ ಬಟ್ಟೆ ಹೊದಿಸುತ್ತಾರೆ, ಹಾಡು ಅನ್ನುವುದು ಇಡೀ ಓಣಿಯಲ್ಲೇ ನಿಲ್ಲುತ್ತದೆ. ಟಿವಿ ಹಾಕುವುದೇ ತಪ್ಪು, ಆದರೆ ಅದು ಅಜ್ಜಿಗಾಗಿ. ಹಾಡಾದರೂ ಇರಬಾರದು. ನನಗೂ ಅದು ಸರಿ ಎಂದೇ ಕಂಡಿತು, ಅಮ್ಮನಿಗೂ ಕಂಡಿತು. ಮದುವೆಯಲ್ಲಿ ಏಳು ಕಡೆ, ಮನೆ ಒಕ್ಕಲಿನಲ್ಲಿ ಮೂರು ಕಡೆ ಶಬ್ದ ಅಳಿಸಿದೆ. ಹೆಸರಿಟ್ಟದ್ದರಲ್ಲಿ ಹೆಂಗಸರ ಹಾಡು ಒಂದೇ ಇತ್ತು, ಅದೂ ಹೋಯಿತು. ನಾಲ್ಕನೆಯದರಲ್ಲಿ ಮಾಮ ಸಾರು ಕದಡುತ್ತಾ ತಾವೇ ಗುನುಗುತ್ತಾರೆ.

“ಇದು ಅವರೇ ಹಾಡಿದ್ದು,” ಎಂದೆ.

ದೊಡ್ಡ ಮಾಮ ಪರದೆಯಲ್ಲಿದ್ದ ತಮ್ಮನ ಬೆನ್ನಿನಿಂದ ಮುಖ ತಿರುಗಿಸಿದರು. “ಅದನ್ನೇ ಮೊದಲು ತೆಗಿ. ನನಗೆ ಕೇಳ್ಲಿಕ್ಕೆ ಆಗುವುದಿಲ್ಲ.”

ತೆಗೆದೆ. ಮೊದಲು ಅಳಿಸಿ ಬರೆಯಬಹುದಾದ ಡಿಸ್ಕಿನಲ್ಲಿ ಹಾಕಿ ಪರೀಕ್ಷಿಸಿದೆ, ಮೆನು ಸರಿಯಾಗಿ ಓಡಿತು. ಆಮೇಲೆ ಒಳ್ಳೆಯ ಡಿಸ್ಕಿಗೆ ನಿಧಾನ ವೇಗದಲ್ಲಿ ಬರ್ನ್ ಮಾಡಿದೆ.

ಭಾನುವಾರ ಸಂಜೆಯ ಅಸರ್ ನಮಾಜಿನ ನಂತರ ಅಜ್ಜಿಯ ಕೋಣೆಯಲ್ಲಿ ಡಿಸ್ಕ್ ಹಾಕಿದೆ. ಅಮ್ಮ ಚಾ ತರಲು ಹೋಗಿದ್ದರು. ನಾಲ್ಕು ಚೌಕ ಕಂಡದ್ದೇ ಅಜ್ಜಿಯ ಮುಖ ಅರಳಿತು. “ಅಂಗಡಿಯಿಂದ ತಂದ ಹಾಗೆ ಉಂಟು!” ಎಂದು ಮದುವೆಯನ್ನು ಒತ್ತಿದರು.

ಮೆರವಣಿಗೆ ಬಂತು. ದಫ್ ಹಿಡಿದ ಹುಡುಗರು ಬಗ್ಗಿ, ಎದ್ದು, ಕೈ ಬಡಿಯುತ್ತಿದ್ದರು. ಟಿವಿಯಿಂದ ಏನೂ ಕೇಳಿಸಲಿಲ್ಲ.

“ಇದಕ್ಕೆ ಎಂತ ಆಯ್ತು?” ಅಜ್ಜಿ ಶಬ್ದ ಏರಿಸಿದರು. ಹಾಡು ಮುಗಿದ ಜಾಗಕ್ಕೆ ಬಂದಾಗ ನೆಂಟರ ಮಾತು ಕೋಣೆ ಒಡೆಯುವ ಹಾಗೆ ಕೇಳಿಸಿತು. ನಾನು ಬೆಚ್ಚಿದೆ, ಅವರು ಬೆಚ್ಚಲಿಲ್ಲ. ಮತ್ತೆ ಹಾಡಿನ ಜಾಗ, ಮತ್ತೆ ಮೌನ. ಮೆನುವಿಗೆ ಮರಳಿ ಮನೆ ಒಕ್ಕಲನ್ನು ಹಾಕಿದರು. ಅಲ್ಲಿಯೂ ಹಾಗೆಯೇ. ಕೊನೆಗೆ ನಾಲ್ಕನೆಯದು.

“ಉಮ್ಮಾ, ನೋಡಿ, ಬಂಗುಡೆ. ನಿಮ್ಮಷ್ಟು ಖಾರ ಹಾಕ್ಲಿಲ್ಲ,” ಎಂದರು ಮಾಮ. ತಿರುಗಿ ಸೌಟು ಆಡಿಸಿದರು. ಅರ್ಧ ಕಾಣುತ್ತಿದ್ದ ಮುಖದಲ್ಲಿ ತುಟಿ ಆಡುತ್ತಿತ್ತು. ಸ್ವರವಿರಲಿಲ್ಲ, ಸಾರು ಕುದಿಯುವ ಸದ್ದೂ ಇರಲಿಲ್ಲ.

ಅಜ್ಜಿ ರಿಮೋಟನ್ನು ಮಡಿಲಲ್ಲಿಟ್ಟರು.

“ಇಲ್ಲಿ ಇವನು ಹಾಡ್ತಾನೆ. ಫೋನಿನಲ್ಲಿ ನನಗೆ ಕೇಳಿಸಿದ್ದೀರಿ. ಹಾಡು ತೆಗಿ ಅಂತ ನಿನಗೆ ಹೇಳಿದ್ದು ಯಾರು?”

“ದೊಡ್ಡ ಮಾಮ.”

“ಎಲ್ಲವನ್ನೂ?”

“ಎಲ್ಲವನ್ನೂ.”

“ನಿನ್ನ ಅಜ್ಜ ಹೋದಾಗ ಈ ಮನೆಯಲ್ಲಿ ಹೀಗೆ ಹಾಡು ನಿಂತಿತ್ತು.” ಟಿವಿಯಲ್ಲಿ ಮಾಮ ಉಪ್ಪು ನೋಡುತ್ತಿದ್ದರು. “ಯಾವತ್ತು?”

ನನ್ನ ಬಾಯಿಯಿಂದ ಮರುಭೂಮಿ, ಸೈಟು, ನೆಟ್‌ವರ್ಕ್ ಯಾವುದೂ ಬರಲಿಲ್ಲ. “ಮೊನ್ನೆಯದಲ್ಲ, ಅದಕ್ಕೆ ಮೊದಲಿನ ಶುಕ್ರವಾರ,” ಎಂದೆ.

“ಮಣ್ಣಾಯ್ತಾ?”

“ಇಲ್ಲ ಉಮ್ಮಾ. ಆಸ್ಪತ್ರೆಯಲ್ಲಿ ಇಟ್ಟಿದ್ದಾರೆ. ಡಾಕ್ಟ್ರು ನಿಮಗೆ ಹೇಳಬಾರದು ಅಂತ...”

“ನನಗೋಸ್ಕರ ಅವನನ್ನು ಇಷ್ಟು ದಿವಸ ಮಂಜಿನಲ್ಲಿ ಇಟ್ಟಿದ್ದೀರಾ?” ಸ್ವರ ಏರಲಿಲ್ಲ. “ಅವನಿಗೆ ಆರೋಗ್ಯ ಕೊಡು, ಆಯುಸ್ಸು ಕೊಡು ಅಂತ ಐದು ಹೊತ್ತೂ ಬೇಡ್ತಿದ್ದೆ. ಹೋದವನಿಗೆ ಬೇಕಾದ ದುವಾ ಅದಲ್ಲ, ಕ್ಷಮೆಯದ್ದು. ಹೇಳುವವರು ಒಬ್ಬರೂ ಇರ್ಲಿಲ್ವಾ ನನ್ನ ಮನೆಯಲ್ಲಿ?”

ಆಗ ಅವರ ಬಲಗೈ ಎದೆಯ ಮೇಲೆ ಹೋಯಿತು. ನಾನು ಕಿರುಚಿದೆ. ಅಮ್ಮ ಚಾ ಲೋಟಗಳನ್ನು ಹೊಸ್ತಿಲಲ್ಲೇ ಚೆಲ್ಲಿ ಓಡಿಬಂದು, ನಾಲಿಗೆಯಡಿ ಇಡುವ ಮಾತ್ರೆಯನ್ನು ಬಾಯಿಗೆ ಹಾಕಿದರು. ಅಜ್ಜಿಯ ಹಣೆಯಲ್ಲಿ ಬೆವರು, ತುಟಿ ಬೂದಿಯ ಬಣ್ಣ. ಪೇಟೆಯಲ್ಲಿದ್ದ ದೊಡ್ಡ ಮಾಮನಿಗೆ ಫೋನ್ ಮಾಡಿದೆ. ಅವರು ರಿಕ್ಷಾದವರನ್ನೂ ಕರೆದುಕೊಂಡು ಬಂದರು.

“ಏಳಿ ಉಮ್ಮಾ, ಆಸ್ಪತ್ರೆಗೆ ಹೋಗುವ.”

“ಬರ್ತೇನೆ. ಮೊದಲು ಅಲ್ಲಿಗೆ ಫೋನ್ ಮಾಡು.”

“ಆಮೇಲೆ ಮಾಡುವ, ಮೊದಲು ನಿಮ್ಮ...”

“ಮಾಡು ಅಂದೆ. ಅಲ್ಲೇ ಮಣ್ಣು ಮಾಡ್ಲಿ. ಇನ್ನು ಒಂದು ದಿವಸ ಕಾಯ್ಲಿಕ್ಕೆ ಇಲ್ಲ.”

ದೊಡ್ಡ ಮಾಮ ಅವರ ಕಾಲ ಬಳಿ ಕೂತರು. ಈ ಹತ್ತು ದಿನದಲ್ಲಿ ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. “ತರಿಸುವ ಉಮ್ಮಾ. ನಿಮಗೆ ಒಮ್ಮೆ ಮುಖ ನೋಡಬೇಕು ಅಂತ ಇದ್ರೆ...”

“ನೋಡಿದೆನಲ್ಲ ಈಗ,” ಎಂದರು ಅಜ್ಜಿ.

ಕರೆ ಹೋಯಿತು. ತೆಗೆದದ್ದು ಸಣ್ಣ ಮಾಮನ ಜೊತೆ ಅದೇ ಕೋಣೆಯಲ್ಲಿದ್ದ ಉಳ್ಳಾಲದ ಹುಡುಗ. ಕಾಗದಪತ್ರಗಳಿಗೆ ಓಡಾಡುತ್ತಿದ್ದವನು ಅವನೇ. ದೊಡ್ಡ ಮಾಮ ಸ್ಪೀಕರ್ ಹಾಕಿ ಫೋನನ್ನು ಅಜ್ಜಿಯ ಮುಖದ ಹತ್ತಿರ ಹಿಡಿದರು.

“ನಾನು ಅವನ ಉಮ್ಮ,” ಎಂದರು ಅಜ್ಜಿ, ಒಂದೊಂದು ಮಾತಿಗೂ ಉಸಿರೆಳೆಯುತ್ತಾ. “ನನಗೆ ಗೊತ್ತಾಯ್ತು. ಅಲ್ಲೇ ಮಣ್ಣು ಮಾಡಿ ಮೋನೇ. ನನ್ನ ಒಪ್ಪಿಗೆ ಉಂಟು.”

ಆ ಕಡೆಯಿಂದ ಎಸಿಯ ಗುಂಯ್ ಸದ್ದು ಮಾತ್ರ ಕೇಳಿಸುತ್ತಿತ್ತು. ಆಮೇಲೆ ಅವನು ಮೂಗು ಎಳೆದುಕೊಂಡ ಸದ್ದು.

“ಕೇಳ್ತಾ ಉಂಟಾ?”

“ಉಂಟು ಉಮ್ಮಾ.”

“ಹಾಗಾದ್ರೆ ಏಳು. ಕೂತು ಅಳಬೇಡ,” ಎಂದು ಅಜ್ಜಿ ಎದ್ದು ನಿಲ್ಲಲು ನನ್ನ ಕಡೆ ಕೈ ಚಾಚಿದರು.